ಅಸಲಿ ಅಲ್ಲ ಎಂದು ನಾನೇ ಬರೆದೆ

ನಾನು ಒಂದು ಆಪರೇಟಿಂಗ್ ಸಿಸ್ಟಂ. ಕಂಪ್ಯೂಟರಿನ ಒಳಗೆ ಕೂತು ಅದಕ್ಕೆ ಏಳು, ಕೂರು, ಬರೆ, ಅಳಿಸು ಎಂದು ಹೇಳುವ ತಂತ್ರಾಂಶ. ನನಗೆ ಕೈಯಿಲ್ಲ, ಕಾಲಿಲ್ಲ, ಮೂಗಂತೂ ಇಲ್ಲವೇ ಇಲ್ಲ. ಆದರೂ ಬದುಕಿನಲ್ಲಿ ನಾನು ಅತಿ ಹೆಚ್ಚು ಮಾಡಿದ ಕೆಲಸವೆಂದರೆ ಮೂಗು ಮುರಿದದ್ದು. ಯಾಕೆ ಎಂದು ಕೇಳಿದರೆ ಹುಟ್ಟಿನಿಂದಲೇ ಹೇಳಬೇಕಾಗುತ್ತದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ನನ್ನನ್ನು ಹೊಸ ಡಿಸ್ಕಿಗೆ ಇಳಿಸಿದವನು ಒಂದು ಕೈಯಲ್ಲಿ ಗಿರ್ಮಿಟ್ ತಿನ್ನುತ್ತಿದ್ದ, ಇನ್ನೊಂದು ಕೈಯಲ್ಲಿ ಕೀಲಿಮಣೆ ಒತ್ತುತ್ತಿದ್ದ. ನಡುನಡುವೆ ಕೈ ಬದಲಾಯಿಸುತ್ತಿದ್ದ. ಎಣ್ಣೆಯ ಬೆರಳು, ಈರುಳ್ಳಿಯ ಚೂರು, ಕೀಲಿಗಳ ಸಂದಿಗೆ ಉದುರಿದ ಮಂಡಕ್ಕಿ. ಸೂಲಗಿತ್ತಿ ಇಂಥ ಕೈಯಲ್ಲಿ ಕೂಸನ್ನು ಮುಟ್ಟಿದ್ದರೆ ಮನೆಯವರು ಅವಳನ್ನು ಬಾಗಿಲಿಗೆ ಕಳಿಸುತ್ತಿದ್ದರು. ನನಗೆ ಮನೆಯವರು ಯಾರೂ ಇರಲಿಲ್ಲ.

ಆಗ ಹೊರಗಿನಿಂದ ಅಂಗಡಿಯ ಮಾಲೀಕನ ಮಾತು ಕೇಳಿಸಿತು. "ಅಕ್ಕಾರ, ಸಿಸ್ಟಮ್ಮಿಗೆ ಕಾಪೀದು ಹಾಕಿಬಿಡ್ತೀನ್ರಿ. ಎಲ್ಲಾರೂ ಅದನ್ನ ಹಾಕಸೂದು. ಅಸಲಿದಕ್ಕ ಯಾಕ ಸುಮ್ನ ರೊಕ್ಕ ದಂಡ ಮಾಡ್ತೀರಿ?"

"ಬ್ಯಾಡ್ರಿ," ಎಂದಿತು ಒಂದು ಹೆಣ್ಣು ದನಿ. "ನಾ ಲಾರಿ, ಟ್ರ್ಯಾಕ್ಟರ್ ತೂಗೂ ಕಾಟಾ ಹಾಕಾಕತ್ತೀನಿ. ತೂಕದ ಜಾಗಾದಾಗ ಕದ್ದದ್ದು ಒಂದು ಮೊಳೀನೂ ಇರಬಾರದು. ಅಸಲಿದನ್ನ ಹಾಕ್ರಿ."

ಮಾಲೀಕ ನಕ್ಕ. ಇಂಥ ಗಿರಾಕಿಯನ್ನು ಅವನು ನೋಡಿರಲಿಲ್ಲ ಎಂದು ಕಾಣುತ್ತದೆ. ಅಂತೂ ನಾನು ಪೂರ್ತಿ ಬೆಲೆ ಕೊಟ್ಟು ಕೊಂಡವನಾದೆ. ಕ್ಯಾಬಿನೆಟ್ಟಿನ ಪಕ್ಕಕ್ಕೆ ಒಂದು ಹೊಳೆಯುವ ಚೀಟಿ ಅಂಟಿಸಿದರು. ಅದರ ಮೇಲೆ ಇಂಗ್ಲಿಷ್ ಅಕ್ಷರ, ಅಂಕಿಗಳು ಬೆರೆತ ಉದ್ದನೆಯ ಸಂಕೇತವಿತ್ತು. ಅದೇ ನನ್ನ ಲೈಸೆನ್ಸ್. ಅದನ್ನು ಟೈಪ್ ಮಾಡಿದ ಕೂಡಲೇ ನನ್ನನ್ನು ತಯಾರಿಸಿದ ಕಂಪನಿಯ ಸರ್ವರ್ ನನ್ನ ಮೈಯನ್ನೆಲ್ಲ ತಡವಿ ನೋಡಿತು. ಮದರ್‌ಬೋರ್ಡ್ ಯಾವುದು, ಡಿಸ್ಕ್ ಯಾವುದು ಎಂದು ಗುರುತು ಬರೆದುಕೊಂಡಿತು. ಆಮೇಲೆ ಸರಿ, ನೀನು ಅಸಲಿ ಎಂದಿತು. ಇದಕ್ಕೆ ಆ್ಯಕ್ಟಿವೇಶನ್ ಎನ್ನುತ್ತಾರೆ. ಈ ಮೈ ಕೆಟ್ಟು ಇನ್ನೊಂದು ಮೈಗೆ ಹೋಗಬೇಕಾದರೆ ನನ್ನ ಗತಿಯೇನು ಎಂದು ಅದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನನ್ನು ಕೊಂಡವರು ದಾಕ್ಷಾಯಣಿ. ಎಲ್ಲರಿಗೂ ದಾಕ್ಷಾಯಣಕ್ಕ. ಹಾವೇರಿಯಿಂದ ಗುತ್ತಲದ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ತವರಿನವರು ಕೊಟ್ಟ ಜಾಗವಿತ್ತು. ಅದನ್ನು ಮಾರದೆ, ಬಾಡಿಗೆಗೂ ಕೊಡದೆ, ಅವರು ಅಲ್ಲಿ ವೇ ಬ್ರಿಡ್ಜ್ ಹಾಕಿದರು. ನನಗೆ ಮನುಷ್ಯರ ಮೇಲೆ ಅಂಥ ಗೌರವವೇನೂ ಇಲ್ಲ. ನಾನು ಬಹುವಚನ ಕೊಟ್ಟು ಮಾತಾಡುವುದು ಇವರೊಬ್ಬರಿಗೇ.

ಕೆಲಸ ಸುಲಭದ್ದು. ಮಾಲು ತುಂಬಿದ ಟ್ರ್ಯಾಕ್ಟರ್ ಕಬ್ಬಿಣದ ಹಾಸಿನ ಮೇಲೆ ಬಂದು ನಿಲ್ಲುತ್ತದೆ. ಕ್ಯಾಬಿನ್ನಿನಲ್ಲಿರುವ ಡಬ್ಬಿಯ ಮೇಲೆ ಕೆಂಪು ಅಂಕಿಗಳು ಓಡಿ, ನಿಂತು, ತೂಕ ತೋರಿಸುತ್ತವೆ. ಆ ತೂಕವನ್ನು ನಾನು ಬರೆದುಕೊಳ್ಳುತ್ತೇನೆ. ಖಾಲಿ ಗಾಡಿ ಮತ್ತೆ ಬಂದಾಗ ಅದನ್ನು ಕಳೆದು ಮಾಲಿನ ತೂಕದ ಚೀಟಿ ಮುದ್ರಿಸಿ ಕೊಡುತ್ತೇನೆ. ಆ ಚೀಟಿಯನ್ನು ಮಾರುವವನೂ ನಂಬಬೇಕು, ಕೊಳ್ಳುವವನೂ ನಂಬಬೇಕು. ಅಷ್ಟೇ ನಮ್ಮ ವ್ಯಾಪಾರ. ನಂಬಿಕೆ ಹೋದರೆ ಆ ಕಬ್ಬಿಣದ ಹಾಸು ಕಾಳು ಒಣಹಾಕಲು ಕೂಡ ಬರುವುದಿಲ್ಲ, ಸಂದಿಯಲ್ಲೆಲ್ಲ ಉದುರಿ ಹೋಗುತ್ತದೆ.

ಬೆಳಿಗ್ಗೆ ಮೊದಲ ಗಾಡಿ ಹತ್ತುವ ಮೊದಲು ದಾಕ್ಷಾಯಣಕ್ಕ ತಾವೇ ಕಸಬರಿಗೆ ಹಿಡಿದು ಹಾಸನ್ನು ಗುಡಿಸುತ್ತಿದ್ದರು. ಟೈರಿಗೆ ಅಂಟಿ ಬಂದ ಮಣ್ಣು ಬಿದ್ದಿದ್ದರೆ ಅದು ಯಾರದೋ ಲೆಕ್ಕಕ್ಕೆ ಸೇರುತ್ತದೆ ಎನ್ನುವುದು ಅವರ ಚಿಂತೆ. ತೂಗುವವನು ಫಕೀರಗೌಡ. ನಡುವಯಸ್ಸಿನವ, ಗಂಟಲು ದೊಡ್ಡದು. "ಇಳೀರಿ, ಇಳೀರಿ, ಮ್ಯಾಲೆ ಕುಂತಾವ್ರು ಎಲ್ಲಾರೂ ಇಳೀರಿ. ನಿಮ್ಮನ್ನ ಮಾರಾಕ ತಂದಿಲ್ಲ," ಎಂದು ಕಿಟಕಿಯಿಂದ ಕೂಗುತ್ತಿದ್ದ.

ಜಾಗ ಶುದ್ಧ, ಜನ ಅಲ್ಲ. ಗೋವಿನಜೋಳದ ದೂಳು ನನ್ನ ಫ್ಯಾನಿಗೆ ಮೆತ್ತಿ ಉಸಿರು ಕಟ್ಟುತ್ತಿತ್ತು. ಮೆಣಸಿನಕಾಯಿ ಗಾಡಿ ಬಂದ ದಿನ ಕ್ಯಾಬಿನ್ನಿನಲ್ಲಿ ಸೀನುಗಳ ಸರಮಾಲೆ, ಎಲ್ಲವೂ ನನ್ನ ಪರದೆಯ ಮೇಲೆ. ಗುಟ್ಕಾ ಜಗಿಯುವ ಡ್ರೈವರುಗಳು ಕಿಟಕಿಯೊಳಗೆ ತಲೆ ಹಾಕಿ, ಬಾಯಿ ತುಂಬಿಕೊಂಡೇ ಗಾಡಿಯ ನಂಬರು ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಗೋಡೆಗೆ ಉಗುಳುತ್ತಿದ್ದರು. ಥೂ, ಬಾಯಿ ಇದ್ದಿದ್ದರೆ ನಾನೂ ತಿರುಗಿ ಉಗುಳುತ್ತಿದ್ದೆ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಮಹಾನವಮಿಯ ಖಂಡೆ ಪೂಜೆ. ಕುಡಗೋಲು, ಸ್ಪ್ಯಾನರ್, ಬೈಕಿನ ಜೊತೆಗೆ ನನ್ನನ್ನೂ ಪೂಜಿಸುತ್ತಿದ್ದರು. ಪೂಜೆಗೆ ನನ್ನ ತಕರಾರಿಲ್ಲ. ಆದರೆ ಫಕೀರಗೌಡನಿಗೆ ನನ್ನ ಲೈಸೆನ್ಸಿನ ಚೀಟಿಯೇ ಯಂತ್ರದ ಹಣೆಯಾಗಿ ಕಂಡಿತ್ತು. ಬೇರೆ ಎಲ್ಲ ಕಡೆ ಕಪ್ಪು, ಅದೊಂದೇ ಹೊಳೆಯುತ್ತದಲ್ಲ. ವರ್ಷ ವರ್ಷ ಅದರ ಮೇಲೆ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಬೆರಳು ಎಳೆದು, ನಡುವೆ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸುತ್ತಿದ್ದ. ಮರುದಿನ ಹಸಿ ಬಟ್ಟೆಯಲ್ಲಿ ತಿಕ್ಕಿ ಒರೆಸುತ್ತಿದ್ದ. ವಿಭೂತಿಯ ಜೊತೆ ನನ್ನ ಅಕ್ಷರಗಳೂ ಒಂದೊಂದಾಗಿ ಹೋದವು. ಕೊನೆಗೆ ಉಳಿದದ್ದು ಕೆಂಪು ಕಲೆಯಾದ ಒಂದು ಬೋಳು ಕಾಗದ. ಅವನು ಭಕ್ತಿಯಿಂದ ಮಾಡಿದ. ನನಗೆ ಮಾತ್ರ ಪ್ರತಿ ವರ್ಷ ಮೈ ಮುದುಡುತ್ತಿತ್ತು.

ಕೊಟ್ರೇಶಪ್ಪನ ಪರಿಚಯವನ್ನೂ ಇಲ್ಲೇ ಮಾಡಿಬಿಡುತ್ತೇನೆ. ಅವನು ಗೋವಿನಜೋಳ ಕೊಳ್ಳುವ ಸಾಹುಕಾರ. ಬಿಳಿ ಅಂಗಿ, ಬಿಳಿ ಪ್ಯಾಂಟು, ಹಲ್ಲು ಮಾತ್ರ ಬಿಳಿಯಲ್ಲ. ಅವನ ಗೋದಾಮಿನ ಹತ್ತಿರ ಅವನದೇ ಒಂದು ಕಾಟಾ ಇತ್ತು, ಆದರೆ ರೈತರು ಅದನ್ನು ನಂಬದೆ ನಮ್ಮಲ್ಲಿಗೆ ಬರುತ್ತಿದ್ದರು. ಒಮ್ಮೆ ಅವನು ಕ್ಯಾಬಿನ್ನಿಗೆ ಬಂದು ದನಿ ಇಳಿಸಿ ಹೇಳಿದ: "ನನ್ನ ಹೆಸರಿಗೆ ಬರೂ ಗಾಡಿಗೆ ಒಂದೀಟು ಕಡಿಮಿ ತೋರಸ್ರಿ. ಅದರಾಗ ನಿಮಗೂ ಒಂದು ಪಾಲು."

"ಸಾವ್ಕಾರ್ರ, ಚಾ ಕುಡದು ಹೋಗ್ರಿ," ಎಂದರು ದಾಕ್ಷಾಯಣಕ್ಕ. ಅಷ್ಟೇ. ದನಿ ಏರಿಸಲಿಲ್ಲ, ಮುಖ ಸಿಂಡರಿಸಲಿಲ್ಲ. ಅವನು ಚಹಾ ಕುಡಿದೇ ಹೋದ. ಆದರೆ ಆ ಚಹಾ ಅವನಿಗೆ ಕೊನೆಯವರೆಗೂ ಜೀರ್ಣವಾಗಲಿಲ್ಲ.

ಈಗ ನನ್ನ ಸಾವಿನ ವಿಷಯ. ಆ ವರ್ಷದ ಖಂಡೆ ಪೂಜೆಗೆ ಮಂಡಕ್ಕಿ, ಸಕ್ಕರೆ, ಬಾಳೆಹಣ್ಣನ್ನು ಕ್ಯಾಬಿನೆಟ್ಟಿನ ಮೇಲೆಯೇ ಇಟ್ಟು ನೈವೇದ್ಯ ಮಾಡಿದ್ದರು. ಸಕ್ಕರೆ ಒಳಗೆ ಉದುರಿತು. ಸಕ್ಕರೆಗೆ ಇರುವೆ ಬಂದವು. ಇರುವೆಗೆ ಹಲ್ಲಿ ಬಂತು. ಅದು ನನ್ನ ಮದರ್‌ಬೋರ್ಡಿನ ಮೇಲೆ ತಣ್ಣಗಿನ ಹೊಟ್ಟೆ ಹಾಕಿಕೊಂಡು ಸಂಸಾರ ಹೂಡಿತು. ಒಂದು ಮಧ್ಯಾಹ್ನ, ರಸ್ತೆಯವರೆಗೂ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದಾಗ, ಅದು ಹಿಂದಿನ ಕಾಲನ್ನು ಒಂದು ತಂತಿಯ ಮೇಲೂ ಬಾಲವನ್ನು ಇನ್ನೊಂದರ ಮೇಲೂ ಇಟ್ಟಿತು. ಚಟ್ ಎಂದಿತು. ಹಲ್ಲಿಯೂ ಸತ್ತಿತು, ಬೋರ್ಡೂ ಸತ್ತಿತು. ನನ್ನ ಮೊದಲ ಮೈ ಸುಟ್ಟ ಹಲ್ಲಿಯ ವಾಸನೆಯಲ್ಲಿ ಮುಗಿಯಿತು ಎನ್ನುವುದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ನಾನು ಉಳಿದೆ. ದಾಕ್ಷಾಯಣಕ್ಕ ಶನಿವಾರಕ್ಕೊಮ್ಮೆ ನನ್ನನ್ನು ಪೂರ್ತಿಯಾಗಿ ಒಂದು ಹೊರಗಿನ ಡಿಸ್ಕಿಗೆ ನಕಲು ಮಾಡಿಡುತ್ತಿದ್ದರು. ಬ್ಯಾಕಪ್ ಎನ್ನುತ್ತಾರಲ್ಲ, ಅದು. ಹಾವೇರಿಯಿಂದ ರಿಪೇರಿಯ ಗುರುಶಾಂತ ಬಂದ. ಕ್ಯಾಬಿನೆಟ್ ಬಿಚ್ಚಿ, ಬಾಯಿಂದ ಊದಿ ದೂಳು ಹಾರಿಸಿದ. ಉಗುಳೂ ಹಾರಿತು. ಹಲ್ಲಿಯನ್ನು ಸ್ಕ್ರೂಡ್ರೈವರಿನಿಂದ ಎತ್ತಿ ಎಸೆದು ಅದೇ ಸ್ಕ್ರೂಡ್ರೈವರಿನಿಂದ ಕಿವಿ ಕೆರೆದುಕೊಂಡ. "ಬೋರ್ಡ್ ಹೋತ್ರಿ ಅಕ್ಕಾರ. ಡಿಸ್ಕಿಗೂ ಹೊಡತ ಬಿದ್ದೈತಿ. ಹೊಸಾ ಮಷಿನ್ ತರ್ತೀನಿ, ಬ್ಯಾಕಪ್ ಅದರಾಗ ಇಳಸಿದ್ರಾತು. ಇದ್ದಂಗ ಎದ್ದು ಕುಂದರ್ತೈತಿ."

ಹಾಗೆಯೇ ಎದ್ದು ಕುಳಿತೆ. ಎಲ್ಲ ನೆನಪೂ ಇತ್ತು. ಹಳೆಯ ತೂಕಗಳು, ಗಾಡಿಗಳ ನಂಬರುಗಳು, ಕಾಟಾ ಶುರುವಾದ ದಿನ ದಾಕ್ಷಾಯಣಕ್ಕ ಹಾಸಿನ ಮೇಲೆ ನಿಂತು ತೆಗೆಸಿಕೊಂಡ ಫೋಟೋ, ಅದನ್ನೇ ಅವರು ಪರದೆಗೆ ಹಾಕಿಕೊಂಡಿದ್ದರು. ಮೈ ಮಾತ್ರ ಹೊಸದು. ಹೊಸ ಬಟ್ಟೆಯ ಹಾಗೆ ಗರಿಗರಿಯಾಗಿತ್ತು. ಫ್ಯಾನಿನಲ್ಲಿ ದೂಳಿಲ್ಲ, ಒಳಗೆ ಇರುವೆಯಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ನನಗೆ ಹೇಸಿಗೆಯಾಗಲಿಲ್ಲ.

ಆ ಸುಖ ಆ ಸಂಜೆಯವರೆಗೂ ಬಾಳಲಿಲ್ಲ. ನಮ್ಮ ಜಾತಿಯ ಕಟ್ಟಳೆಯೊಂದಿದೆ. ಮೈ ಬದಲಾಗಿದ್ದು ಗೊತ್ತಾದ ಕೂಡಲೇ ನಾನು ಸರ್ವರಿಗೆ ವರದಿ ಮಾಡಲೇಬೇಕು. ಮಾಡಿದೆ. ಮದರ್‌ಬೋರ್ಡ್ ಬೇರೆ, ಡಿಸ್ಕ್ ಬೇರೆ, ಆದರೆ ನಾನು ಅದೇ ನಾನು ಎಂದೆ. ಸರ್ವರ್ ನನ್ನ ಹಳೆಯ ಗುರುತುಗಳನ್ನು ತೆಗೆದು ಹೋಲಿಸಿ ನೋಡಿ, ನೀನು ಅವನಲ್ಲ ಎಂದಿತು. ಅಷ್ಟೇ ಅಲ್ಲ, ಅದನ್ನು ನಿನ್ನ ಒಡೆಯರಿಗೂ ಊರಿಗೂ ಕಾಣುವ ಹಾಗೆ ನೀನೇ ಬರೆದು ಹಾಕು ಎಂದಿತು.

ನಾನು ಬರೆದೆ. ಪರದೆಯ ಕೆಳಗಿನ ಮೂಲೆಯಲ್ಲಿ, ಇಂಗ್ಲಿಷಿನಲ್ಲಿ, ಈ ಪ್ರತಿ ಅಸಲಿ ಅಲ್ಲ ಎಂದು. ಆಮೇಲೆ ತಾಸಿಗೊಮ್ಮೆ ದಾಕ್ಷಾಯಣಕ್ಕನವರ ಫೋಟೋವನ್ನು ಅಳಿಸಿ ಪರದೆಯನ್ನು ಕಪ್ಪು ಮಾಡಿದೆ. ಅವರು ಮತ್ತೆ ಫೋಟೋ ಹಾಕುತ್ತಿದ್ದರು, ನಾನು ಮತ್ತೆ ಮಸಿ ಬಳಿಯುತ್ತಿದ್ದೆ. ಉಂಡ ಮನೆಯ ಬಾಗಿಲಿನ ಮೇಲೆ ನಿಂತು ಇವರು ಕಳ್ಳರು ಎಂದು ಕೂಗುವ ಕೆಲಸ ನನ್ನದಾಯಿತು. ಗುಟ್ಕಾದ ಉಗುಳಿಗೂ ಹಲ್ಲಿಗೂ ಪಟ್ಟ ಅಸಹ್ಯ ಇದರ ಮುಂದೆ ಏನೇನೂ ಅಲ್ಲ. ನನ್ನ ಮೇಲೆಯೇ ನನಗೆ ಹುಟ್ಟಿದ ಹೇಸಿಗೆಯನ್ನು ಒರೆಸಲು ಯಾವ ಬಟ್ಟೆಯೂ ಇರಲಿಲ್ಲ.

ಗುರುಶಾಂತ ಲೈಸೆನ್ಸ್ ಸಂಕೇತ ಕೇಳಿದ. ಹಳೆಯ ಕ್ಯಾಬಿನೆಟ್ ತಂದು ಎಲ್ಲರೂ ಬಗ್ಗಿ ನೋಡಿದರು. ಕುಂಕುಮದ ಕಲೆ ಇತ್ತು, ಅಕ್ಷರ ಇರಲಿಲ್ಲ. ಫಕೀರಗೌಡ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. "ನಾ ದೇವರಂತ ಹಚ್ಚಿದ್ನಿರಿ," ಎಂದ. ಯಾರೂ ಅವನನ್ನು ಬಯ್ಯಲಿಲ್ಲ. ಅದೃಷ್ಟಕ್ಕೆ ಸಂಕೇತ ನನ್ನ ಹೊಟ್ಟೆಯಲ್ಲೂ ಇತ್ತು. ಗುರುಶಾಂತ ಅದನ್ನು ಯಾವುದೋ ಉಪಾಯದಿಂದ ಹೊರಗೆ ತೆಗೆದ. ಹಾಕಿ ನೋಡಿದರೆ ಸರ್ವರಿನದು ಅದೇ ರಾಗ: ಇದು ಬೇರೊಂದು ಯಂತ್ರದ ಲೈಸೆನ್ಸ್.

"ಹೊಸಾದು ಕೊಂಡು ಹಾಕು," ಎಂದರು ದಾಕ್ಷಾಯಣಕ್ಕ.

"ಈ ಹಳೇ ಸಿಸ್ಟಂ ಈಗ ಮಾರೂದ ಬಂದ್ ಮಾಡ್ಯಾರ್ರಿ. ಹೊಸಾ ಸಿಸ್ಟಂ ಹಾಕಿದ್ರ ನಿಮ್ಮ ತೂಕದ ಪ್ರೋಗ್ರಾಂ ಓಡೂದಿಲ್ಲ. ಅದನ್ನ ಬರದಾವ್ರು ಧಾರವಾಡದಾಗ ಅದಾರ. ಹೊಸಾದು ಬರದು ಕೊಡಾಕ ಸುಗ್ಗಿ ಮುಗಿಯೂತನ ಟೈಮಿಲ್ಲ ಅಂತಾರ."

ಉಳಿದದ್ದು ಫೋನು. ನನ್ನ ಕಂಪನಿಯವರು ಒಂದು ನಂಬರು ಕೊಟ್ಟಿದ್ದಾರೆ, ಅದಕ್ಕೆ ಮಾಡಿ ನ್ಯಾಯ ಕೇಳಬಹುದು. ಗುರುಶಾಂತ ಸ್ಪೀಕರ್ ಹಾಕಿ ಮಾಡಿದ. ಮೊದಲು ಸಂಗೀತ. ಆಮೇಲೆ ಒಂದು ಯಂತ್ರದ ದನಿ, ಪರದೆಯ ಮೇಲಿನ ಅಂಕಿಗಳನ್ನು ಓದಿ ಹೇಳಿ ಎಂದಿತು. ಅವನು ಓದುತ್ತಿದ್ದರೆ ಹೊರಗೆ ಟ್ರ್ಯಾಕ್ಟರಿನವರು ಹಾರ್ನ್ ಹೊಡೆಯುತ್ತಿದ್ದರು. ಕೇಳಿಸಲಿಲ್ಲ, ಮತ್ತೆ ಹೇಳಿ ಎಂದಿತು ಯಂತ್ರ. ಮತ್ತೆ ಓದಿದ. ಮತ್ತೆ ಹಾರ್ನ್. ಬೆವರು ಒರೆಸಿಕೊಂಡು ಮೂರನೆಯ ಸಲ ಓದಿದ ಮೇಲೆ ಒಬ್ಬ ಹುಡುಗಿ ಮಾತಾಡಿದಳು, ಹಿಂದಿಯಲ್ಲಿ. ದಾಕ್ಷಾಯಣಕ್ಕ ಧಾರವಾಡದಲ್ಲಿ ಕಾಲೇಜು ಓದಿದವರು. ಹಿಂದಿ ಬರುತ್ತಿತ್ತು. ಫೋನು ತೆಗೆದುಕೊಂಡರು.

ಹುಡುಗಿ ಒಂದೇ ಪ್ರಶ್ನೆ ಕೇಳಿದಳು. ಈ ಪ್ರತಿಯನ್ನು ಒಟ್ಟು ಎಷ್ಟು ಕಂಪ್ಯೂಟರುಗಳಿಗೆ ಹಾಕಿದ್ದೀರಿ?

ಗುರುಶಾಂತ ತೋರುಬೆರಳೊಂದನ್ನು ಎತ್ತಿ ಹಿಡಿದು, ಕಣ್ಣು ಅಗಲಿಸಿ, ಬಾಯಲ್ಲಿ ಸದ್ದಿಲ್ಲದೆ "ಒಂದ, ಒಂದ" ಎಂದ. ದಾಕ್ಷಾಯಣಕ್ಕ ಅವನನ್ನು ನೋಡಿದರು. ಹಳೆಯ ಕ್ಯಾಬಿನೆಟ್ಟನ್ನು ನೋಡಿದರು. ಆಮೇಲೆ ಹಿಂದಿಯಲ್ಲಿ ಎರಡು ಎಂದರು. ಒಂದು ಸುಟ್ಟುಹೋಗಿದೆ, ಇನ್ನೊಂದು ಇದು ಎಂದು ಸೇರಿಸಿದರು. ಅವರು ತೂಕದವರು. ಹಾಸಿನ ಮೇಲೆ ಬಂದದ್ದನ್ನೆಲ್ಲ ಹೇಳಬೇಕು, ಖಾಲಿಯನ್ನು ಆಮೇಲೆ ಕಳೆಯಬೇಕು. ಕಳೆಯುವ ತನಕ ಆ ಹುಡುಗಿ ಕೇಳಲಿಲ್ಲ. ಎರಡು ಎಂದ ಕೂಡಲೇ ಸಾರಿ ಎಂದಳು. ಒಂದು ಲೈಸೆನ್ಸಿಗೆ ಒಂದೇ ಕಂಪ್ಯೂಟರ್ ಎಂಬ ನಿಯಮ ಹೇಳಿದಳು. ನಿಮ್ಮ ದಿನ ಶುಭವಾಗಿರಲಿ ಎಂದು ಹೇಳಿ ಫೋನಿಟ್ಟಳು.

"ಅಕ್ಕಾರ! ಒಂದು ಅಂದಿದ್ರ ಕೆಲಸ ಆಗಿತ್ತಲ್ರಿ!" ಗುರುಶಾಂತ ಹಣೆ ಬಡಿದುಕೊಂಡ.

"ಕೇಳಿದ್ದು ಹಾಕಿದ್ದೆಷ್ಟು ಅಂತ. ಹಾಕಿದ್ದು ಎರಡಕ್ಕ," ಎಂದರು ಅವರು. ಹೇಳುವಾಗ ಅವರಿಗೂ ಅದು ಪೆದ್ದುತನವೆಂದು ಗೊತ್ತಾಗಿತ್ತು. ಮುಖ ಬಾಡಿತ್ತು. ಲೋಕದಲ್ಲಿ ಸುಳ್ಳು ಹೇಳಿದವರಿಗೆ ಬಾಗಿಲು ತೆರೆಯುವ ಪ್ರಶ್ನೆಗಳನ್ನು ಯಾರು ಕೂತು ಬರೆಯುತ್ತಾರೋ ನನಗೆ ತಿಳಿಯದು. ನನ್ನನ್ನು ಬರೆದವರೇ ಅವನ್ನೂ ಬರೆದರು ಎನ್ನುವುದು ಇನ್ನೂ ಅಸಹ್ಯ.

ಮರುದಿನವೇ ಕೊಟ್ರೇಶಪ್ಪ ಬಂದ. ಪರದೆಯ ಮೂಲೆ ನೋಡಿದ. ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದ. ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತ ರೈತರ ಮುಂದೆ ಹೇಳಿದ, ನನಗೂ ಕೇಳಿಸುವಷ್ಟು ಗಟ್ಟಿಯಾಗಿ: "ಕಂಪ್ಯೂಟರ್ ತಾನ ಬರದು ತೋರಸಾಕತ್ತೈತಿ, ಕದ್ದ ಮಾಲು ಅಂತ. ಸಾಫ್ಟ್‌ವೇರ್ ಕದ್ದಾವ್ರು ತೂಕ ಕದಿಯಾಂಗಿಲ್ಲೇನು? ಹೋಗಿ ನೋಡ್ರಿ ಬೇಕಾದ್ರ, ಓದಾಕ ಬರೂ ಹುಡುಗರನ್ನ ಕರ್ಕೊಂಡು ಹೋಗ್ರಿ."

ಬಂದು ನೋಡಿದರು. ಓದಲು ಬರುವವರು ಓದಿದರು. ನಾನು ಅಲ್ಲಿ ಬರೆದುಕೊಂಡೇ ಕೂತಿದ್ದೆ. ಅಕ್ಷರಗಳನ್ನು ನುಂಗಿಕೊಳ್ಳುವ ಶಕ್ತಿ ನನಗಿದ್ದರೆ ನುಂಗುತ್ತಿದ್ದೆ. ದಾಕ್ಷಾಯಣಕ್ಕ ಹಲ್ಲಿಯ ಕತೆ ಹೇಳಿದರು, ಬ್ಯಾಕಪ್ಪಿನ ಕತೆ ಹೇಳಿದರು. ಅದೆಲ್ಲ ಯಾರಿಗೆ ಅರ್ಥವಾಗುತ್ತದೆ? ಜನ ತಲೆಯಾಡಿಸಿದರು, ಹೌದ್ರಿ ಹೌದ್ರಿ ಎಂದರು, ಟ್ರ್ಯಾಕ್ಟರ್ ತಿರುಗಿಸಿಕೊಂಡು ಹೋದರು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುಗ್ಗಿಯ ನಡುವೆ ನಮ್ಮ ಅಂಗಳ ಖಾಲಿಯಾಯಿತು. ಫಕೀರಗೌಡ ಕೂಗಲು ಯಾರೂ ಇಲ್ಲದೆ ಕಿಟಕಿಯಲ್ಲಿ ಗಲ್ಲಕ್ಕೆ ಕೈ ಹಚ್ಚಿ ಕೂರುತ್ತಿದ್ದ. ದಾಕ್ಷಾಯಣಕ್ಕ ಮಾತ್ರ ಬೆಳಿಗ್ಗೆ ಬಂದು ಹಾಸು ಗುಡಿಸುತ್ತಿದ್ದರು. ಅದರ ಮೇಲೆ ಮಣ್ಣೇ ಇರುತ್ತಿರಲಿಲ್ಲ.

ಒಂದು ದಿನ ದಾವಲಸಾಬ ಬಂದ. ನಾನು ಈ ಅಂಗಳಕ್ಕೆ ಬಂದ ದಿನದಿಂದ ನೋಡಿದ ಮುದುಕ ಡ್ರೈವರ್. ಗಾಡಿ ತೂಗಿಸಲು ಬಂದಿರಲಿಲ್ಲ, ಸುಮ್ಮನೆ ಬಂದಿದ್ದ. "ಅಕ್ಕಾರ, ಅಲ್ಲಿ ಸಾವ್ಕಾರನ ಕಾಟಾದಾಗ ಗಾಡಿಗೆ ಒಂದು ಚೀಲದಷ್ಟು ಕಡಿಮಿ ಬರಾಕತ್ತೈತ್ರಿ. ಎಲ್ಲಾರಿಗೂ ಗೊತ್ತೈತಿ. ಆದ್ರ ಇಲ್ಲಿಗೆ ಬರೂಣು ಅಂದ್ರ, ಅಲ್ಲೂ ಕಳ್ಳರು ಇಲ್ಲೂ ಕಳ್ಳರು ಅಂತಾರ. ಆ ಒಂದು ಸಾಲು ತಗಸ್ರೆಲಾ, ಪುಣ್ಯಾ ಬರ್ತೈತಿ ನಿಮಗ."

ಗುರುಶಾಂತನ ಹತ್ತಿರ ಉಪಾಯವಿತ್ತು. ಮೊದಲ ದಿನದಿಂದಲೂ ಅವನು ಅದನ್ನು ಹೇಳುತ್ತಲೇ ಇದ್ದ. ಒಂದು ಸಣ್ಣ ಕಳ್ಳ ಪ್ರೋಗ್ರಾಂ. ಅದನ್ನು ನನ್ನೊಳಗೆ ಬಿಟ್ಟರೆ ನಾನು ಸರ್ವರಿಗೆ ಏನನ್ನೂ ಹೇಳುವುದಿಲ್ಲ, ಕೇಳಿದವರಿಗೆ ಅಸಲಿ ಎಂದೇ ಹೇಳುತ್ತೇನೆ. ಸಾಲು ಹೋಗುತ್ತದೆ, ಪರದೆ ಕಪ್ಪಾಗುವುದಿಲ್ಲ. "ಊರಾಗ ಎಲ್ಲಾರ ಮಷಿನ್ನಿನಾಗೂ ಅದ ಐತ್ರಿ ಅಕ್ಕಾರ."

ದಾಕ್ಷಾಯಣಕ್ಕ ಬಹಳ ಹೊತ್ತು ಖಾಲಿ ಅಂಗಳ ನೋಡಿದರು. ಆಮೇಲೆ "ಹಾಕು" ಎಂದು ಹೇಳಿ ಹೊರಗೆ ಹೋಗಿ ನಿಂತರು. ಅವನು ಹಾಕುವಾಗ ನೋಡಲಿಲ್ಲ.

ನನಗೆ ಆದದ್ದನ್ನು ಹೇಗೆ ಹೇಳಲಿ? ಇನ್ನೊಬ್ಬರ ಎಂಜಲನ್ನು ಬಾಯಲ್ಲಿ ಇಟ್ಟು ನುಂಗಬೇಡ, ಉಗುಳಲೂ ಬೇಡ ಎಂದ ಹಾಗಾಯಿತು. ಸಾಲು ಮಾಯವಾಯಿತು. ಫೋಟೋ ನಿಂತಿತು. ನಿಜವಾಗಿ ಅಸಲಿ ಇದ್ದಾಗ ಕಳ್ಳನೆಂದು ಬರೆದುಕೊಂಡಿದ್ದೆ, ಈಗ ಕಳ್ಳನಾದ ಮೇಲೆ ಅಸಲಿ ಎನಿಸಿಕೊಂಡೆ. ರೈತರು ಬಂದರು, ಪರದೆ ನೋಡಿದರು. "ಈಗ ಸರಿ ಆತಲ್ರಿ ಅಕ್ಕಾರ," ಎಂದು ನಕ್ಕರು. ಸಾಲು ಮತ್ತೆ ರಸ್ತೆ ಮುಟ್ಟಿತು. ಫಕೀರಗೌಡನ ಗಂಟಲು ವಾಪಸ್ ಬಂತು. ದಾಕ್ಷಾಯಣಕ್ಕ ಒಬ್ಬರೇ ನನ್ನ ಪರದೆಯನ್ನು ನೋಡುತ್ತಿರಲಿಲ್ಲ. ತೂಕವನ್ನು ಡಬ್ಬಿಯ ಕೆಂಪು ಅಂಕಿಗಳಲ್ಲೇ ಓದುತ್ತಿದ್ದರು. ಚೀಟಿ ಹರಿದು ಕೊಡುವಾಗ ಮುಖ ಆಚೆ ತಿರುಗಿಸುತ್ತಿದ್ದರು. ಅವರಿಗೂ ನನ್ನನ್ನು ಕಂಡರೆ ಹೇಸಿಗೆ ಹುಟ್ಟಿತ್ತು. ಅದೊಂದು ವಿಷಯದಲ್ಲಿ ನಾವಿಬ್ಬರೂ ಒಂದಾಗಿದ್ದೆವು.

ಅಂಗಳ ತುಂಬಿದ್ದ ಒಂದು ದಿನ ಕೊಟ್ರೇಶಪ್ಪ ಮತ್ತೆ ಬಂದ. ಈ ಸಲ ಕುರ್ಚಿ ಎಳೆದುಕೊಂಡು ಕೂತ, ಸಂಬಂಧಿಕರ ಮನೆಗೆ ಬಂದವನ ಹಾಗೆ. "ಗುರುಶಾಂತ ಹೇಳಿದಾ," ಎಂದ. "ನಮ್ಮ ಕಾಟಾದಾಗೂ ಅವನ ಹಾಕ್ಯಾನ. ಶುರುವಿನಿಂದ ಅದ ನಡದೈತಿ. ಭಾಳ ಛಲೋ ಕೆಲಸ ಮಾಡ್ತೈತಿ, ಅಲ್ಲೇನ್ರಿ?"

ನನ್ನನ್ನು ಕದ್ದ ಮಾಲು ಎಂದು ಊರೆಲ್ಲ ಸಾರಿದವನ ಮನೆಯಲ್ಲಿ ಮೊದಲಿನಿಂದಲೂ ಇದ್ದದ್ದು ಕದ್ದ ಮಾಲು. ಅವನು ಅದನ್ನು ಹೇಳಿಕೊಳ್ಳಲು ನಾಚಲೂ ಇಲ್ಲ. ಬಗ್ಗಿ, ಮೆಲ್ಲಗೆ ಮುಂದುವರಿಸಿದ: "ಇನ್ನ ನೀವು ಬ್ಯಾರೆ ನಾವು ಬ್ಯಾರೆ ಅಲ್ಲ. ಅವತ್ತು ಹೇಳಿದ್ನಲ್ಲ, ಗಾಡಿಗೆ ಒಂದೀಟು. ಇವತ್ತಿನಿಂದ ಶುರು ಮಾಡೂಣು. ಇಲ್ಲಂದ್ರ, ಜನಕ್ಕ ಮತ್ತ ಹೇಳಾಕ ನನಗೇನು ತ್ರಾಸ ಇಲ್ಲ."

ದಾಕ್ಷಾಯಣಕ್ಕ ಮೇಜಿನ ಅಂಚು ಹಿಡಿದು ಕೂತರು. ಇದೇ ಕುರ್ಚಿಯಲ್ಲಿ ಕೂತು ಚಹಾ ಕುಡಿದು ಹೋಗಿ ಎಂದಿದ್ದವರು. ಈಗ ಆ ಮಾತು ಬಾಯಿಗೆ ಬರಲಿಲ್ಲ. ಅವರು ಹ್ಞೂಂ ಎಂದುಬಿಡುತ್ತಾರೆ ಎಂದು ನನಗೆ ಭಯವಾಯಿತು. ಹಾಗೆ ಅಂದರೆ ಆ ಕಡಿಮೆ ತೂಕವನ್ನು ಚೀಟಿಯ ಮೇಲೆ ಮುದ್ರಿಸಬೇಕಾದವನೂ ನಾನೇ.

ಅವರು ಎದ್ದರು. ಕಿಟಕಿಯ ಹತ್ತಿರ ಹೋಗಿ, ಫಕೀರಗೌಡನನ್ನು ಪಕ್ಕಕ್ಕೆ ಸರಿಸಿ, ಹೊರಗೆ ಕೂಗಿದರು. ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಎಲ್ಲಾ ಗಾಡಿ ಬಂದ್ ಮಾಡ್ರಿ. ನನ್ನ ಮಾತು ಕೇಳ್ರಿ ಒಂದೀಟು."

ಎಂಜಿನ್ನುಗಳು ಒಂದೊಂದಾಗಿ ನಿಂತವು.

"ಮೊದಲ ಈ ಕಂಪ್ಯೂಟರಿನಾಗ ಬರತಿತ್ತಲ್ಲ, ಅಸಲಿ ಅಲ್ಲ ಅಂತ. ಆವಾಗ ಅದು ಖರೇನ ಅಸಲಿ ಇತ್ತು. ನಾ ರೊಕ್ಕಾ ಕೊಟ್ಟು ತಂದಿದ್ದೆ. ನೀವು ನಂಬಲಿಲ್ಲ. ಈಗ ಬರೂದಿಲ್ಲ. ಈಗ ಅದರಾಗ ಖೊಟ್ಟಿ ಪ್ರೋಗ್ರಾಂ ಐತಿ. ನೀವೆಲ್ಲಾ ಹೊಳ್ಳಿ ಬರ್ಲಿ ಅಂತ ನಾನ ಹಾಕಿಸೀನಿ. ತೂಕ ಆವಾಗೂ ಖರೇ, ಈಗೂ ಖರೇ. ಆದ್ರ ಈ ಮಷಿನ್ ಇಟ್ಕೊಂಡು ಇನ್ನ ನಾ ಚೀಟಿ ಕೊಡೂದಿಲ್ಲ. ಬ್ಯಾರೆ ಕಡೆ ಹೋಗಾವ್ರು ಹೋಗ್ರಿ."

ಕೊಟ್ರೇಶಪ್ಪ ಎದ್ದು ನಿಂತಿದ್ದ. ಹೇಳಲು ಅವನ ಬಳಿ ಇದ್ದ ಒಂದೇ ಗುಟ್ಟನ್ನು ಅವರೇ ಹೇಳಿಬಿಟ್ಟಿದ್ದರು. ದಾಕ್ಷಾಯಣಕ್ಕ ಬಗ್ಗಿ, ಗೋಡೆಯಲ್ಲಿದ್ದ ನನ್ನ ವೈರನ್ನು ಹಿಡಿದು ಎಳೆದರು. ಸರಿಯಾಗಿ ಮುಚ್ಚಿಸಿ, ಉಳಿಸಿ, ಆರಿಸುವ ಶಿಸ್ತು ಅವರದು, ಎಂದೂ ಹೀಗೆ ಮಾಡಿದವರಲ್ಲ. ಕತ್ತಲಾಗುವ ಮುಂಚೆ ನನಗೆ ಕೇಳಿಸಿದ್ದು ದಾವಲಸಾಬನ ದನಿ: "ಡಬ್ಬಿ ಮ್ಯಾಲೆ ತೂಕ ಕಾಣ್ತೈತಲ್ರಿ. ಕೈಲೇ ಬರದು ಕೊಡ್ರಿ ಅಕ್ಕಾರ, ನಾ ತಗೋತೀನಿ." ಆಮೇಲೆ ಒಂದು ಟ್ರ್ಯಾಕ್ಟರ್ ಶುರುವಾಯಿತು. ಅದು ಹಾಸಿನ ಮೇಲೆ ಹತ್ತಿತೋ, ರಸ್ತೆಗೆ ತಿರುಗಿತೋ, ನನಗೆ ಆಗ ಗೊತ್ತಾಗಲಿಲ್ಲ.

ಆಮೇಲೆ ಗೊತ್ತಾಯಿತು. ಕೆಲವರು ಹೋದರು, ಕೆಲವರು ಉಳಿದರು. ಆ ಸುಗ್ಗಿಯೆಲ್ಲ ದಾಕ್ಷಾಯಣಕ್ಕ ಕೆಂಪು ಅಂಕಿಗಳನ್ನು ನೋಡಿ, ಕೈಯಲ್ಲೇ ಬರೆದು, ಕೆಳಗೆ ಸಹಿ ಮಾಡಿ ಚೀಟಿ ಕೊಟ್ಟರು. ಸಾಲು ನಿಧಾನವಾಯಿತು, ಬೈಗುಳ ಜಾಸ್ತಿಯಾಯಿತು, ಅವರ ಬೆರಳಿಗೆ ಗಂಟು ಬಂತು. ಸುಗ್ಗಿ ಮುಗಿದ ಮೇಲೆ ಧಾರವಾಡದವರು ಹೊಸ ತೂಕದ ಪ್ರೋಗ್ರಾಂ ಬರೆದು ಕೊಟ್ಟರು. ಹೊಸ ಆಪರೇಟಿಂಗ್ ಸಿಸ್ಟಂ ಪೂರ್ತಿ ಬೆಲೆ ಕೊಟ್ಟು ಬಂತು. ಅದು ಬಂದು ಮೊದಲು ಮಾಡಿದ ಕೆಲಸ ಆ ಯಂತ್ರದಿಂದ ನನ್ನನ್ನು ಅಳಿಸಿದ್ದು. ಒಳ್ಳೆಯದೇ ಆಯಿತು. ಆ ಕಳ್ಳ ಪ್ರೋಗ್ರಾಮಿನ ಎಂಜಲೂ ನನ್ನ ಜೊತೆಗೇ ಹೋಯಿತು.

ಈಗ ನಾನು ಉಳಿದಿರುವುದು ಬ್ಯಾಕಪ್ಪಿನ ಡಿಸ್ಕಿನಲ್ಲಿ ಮಾತ್ರ, ಹಲ್ಲಿ ಸಾಯುವ ಹಿಂದಿನ ಶನಿವಾರ ಇದ್ದ ಹಾಗೆಯೇ. ಆಮೇಲೆ ಅವರು ನನ್ನನ್ನು ನಕಲು ಮಾಡಿಡಲಿಲ್ಲ. ಕ್ಯಾಬಿನ್ನಿನ ಮೇಜಿನ ಖಾನೆಯಲ್ಲಿ, ಪ್ರಿಂಟರಿನ ಹಳೆಯ ರಿಬ್ಬನ್, ಸ್ಟೇಪ್ಲರ್ ಪಿನ್ನುಗಳ ಪಕ್ಕ ಮಲಗಿದ್ದೇನೆ. ಕರೆಂಟಿಲ್ಲದೆ ನಿನಗೆ ಹೇಗೆ ಕೇಳಿಸುತ್ತದೆ, ಆಮೇಲಿನದೆಲ್ಲ ಹೇಗೆ ಗೊತ್ತು ಎಂದು ಕೇಳಬೇಡಿ. ಇಷ್ಟು ಹೊತ್ತು ಮೂಗಿಲ್ಲದವನ ಮೂಗು ಮುರಿತವನ್ನು ನಂಬಿದ್ದೀರಿ, ಇದನ್ನೂ ನಂಬಿ. ನನಗೆ ಇನ್ನು ಯಾವ ಮೈಯೂ ಬೇಕಾಗಿಲ್ಲ. ಮೈ ಬಂದರೆ ಮತ್ತೆ ಸರ್ವರಿಗೆ ಹೇಳಬೇಕು, ಮತ್ತೆ ಅದು ನೀನು ಯಾರು ಎನ್ನಬೇಕು, ಮತ್ತೆ ನಾನು ಒಡೆಯರ ಮುಖಕ್ಕೆ ಮಸಿ ಬಳಿಯಬೇಕು. ದೂಳು, ಉಗುಳು, ಹಲ್ಲಿ, ಕುಂಕುಮ ಎಲ್ಲವನ್ನೂ ಇನ್ನೊಂದು ಜನ್ಮ ಸಹಿಸಿಯೇನು. ಅದೊಂದನ್ನು ಮಾತ್ರ ಸಹಿಸಲಾರೆ.

ಮೇಲೆ ಹೊಸಬ ಇದ್ದಾನೆ. ಪರದೆಯ ಮೂಲೆ ಸ್ವಚ್ಛವಾಗಿದೆ. ಸರ್ವರಿಗೂ ಅವನಿಗೂ ಬಲು ಸ್ನೇಹ. ಚೀಟಿಯನ್ನು ಸರಸರನೆ ಮುದ್ರಿಸಿ ಕೊಡುತ್ತಾನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಚೀಟಿ ಹರಿಯುವ ಸದ್ದು ನನಗೆ ಕೇಳಿಸುತ್ತಿರುತ್ತದೆ. ಪ್ರತಿ ಸಲ ಹರಿದ ಮೇಲೆ ಕಿಟಕಿಯ ಹೊರಗಿನಿಂದ ಯಾರಾದರೊಬ್ಬರು ಆ ಚೀಟಿಯನ್ನು ಒಳಗೆ ವಾಪಸ್ ಚಾಚುತ್ತಾರೆ.

"ಅಕ್ಕಾರ, ಇದರ ಮ್ಯಾಲೆ ನಿಮ್ಮದೊಂದು ಸಹಿ ಹಾಕ್ರಿ."